ಏನಾಯ್ತು ಅಂತ ಯಾರೂ ಹೇಳಲ್ಲ

ಸಾಕಿದ ಕೋಳಿ ಸತ್ತ ಕೊರಗಿನಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬ ಹೆಣ್ಣುಮಗಳ ವಿಷಯ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಕೋಳಿಯ ವಿಷಯ ಮಾತ್ರ ಇದ್ದ ಹಾಗೇ ಇದೆ.

ಸಾಕಿದ ಪ್ರಾಣಿ ತನ್ನ ಕೈಯಲ್ಲೇ ಹೋಯಿತು ಅಂತ ಕೊರಗುವವರು ನನ್ನ ಬಳಿ ಬರುವುದು ಇದೇ ಮೊದಲಲ್ಲ. ಹಸು, ನಾಯಿ, ಕುರಿಮರಿ, ಏನಾದರೂ ಒಂದು. ಕರೆತಂದವರು ಬಾಗಿಲಲ್ಲೇ ಹೇಳುವ ಮಾತು ಮಾತ್ರ ಬದಲಾಗುವುದಿಲ್ಲ: "ಒಂದು ಪ್ರಾಣಿಗೆ ಇಷ್ಟೊಂದಾ ಮೇಡಂ?"

ಈಕೆ ಶಿಡ್ಲಘಟ್ಟದ ಕಡೆಯವರು. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಗಂಡ, ಅತ್ತೆ, ಎರಡನೇ ಕ್ಲಾಸಿನ ಮಗಳು. ಹಿತ್ತಲಲ್ಲಿ ಆರು ನಾಟಿ ಕೋಳಿ. ಮೊಟ್ಟೆ ಮಾರಿದ ದುಡ್ಡು ಪೂರ್ತಿ ಅವರದು, ಮನೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಅದರಲ್ಲಿ ಒಂದು ಹೇಂಟೆ ಸತ್ತು ಮೂರು ವಾರವಾಗಿತ್ತು. ಅಂದಿನಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಉಳಿದ ಐದು ಕೋಳಿಗಳಿಗೆ ಅತ್ತೆಯೇ ಕಾಳು ಹಾಕುತ್ತಿದ್ದರು. ಊರಿನ ಆಶಾ ಕಾರ್ಯಕರ್ತೆ ಚಿಕ್ಕಬಳ್ಳಾಪುರಕ್ಕೆ ಕರೆತಂದರು.

ಮೊದಲ ದಿನ ನಾನು ತಪ್ಪು ಮಾಡಿದೆ. "ನಾನೇ ಕೊಂದೆ ಮೇಡಂ" ಅಂದರು. ನಾನು ತಕ್ಷಣ, "ಇಲ್ಲಮ್ಮ, ನಿಮ್ಮ ತಪ್ಪಿಲ್ಲ" ಅಂದುಬಿಟ್ಟೆ. ಆಮೇಲೆ ಗಂಡನ ಬಗ್ಗೆ ಕೇಳಿದೆ, ಅತ್ತೆಯ ಬಗ್ಗೆ ಕೇಳಿದೆ, ತವರಿನ ಬಗ್ಗೆ ಕೇಳಿದೆ. ಕೋಳಿಯ ಹಿಂದೆ ಬೇರೆ ಏನೋ ಇದೆ ಅಂತ ಹುಡುಕುತ್ತಿದ್ದೆ. ಅವರು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟು ಸೆರಗಿನ ಅಂಚು ಮಡಚುತ್ತಾ ಕೂತರು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಅಷ್ಟು ಸಮಾಧಾನ.

ಅವರು ಹೋದ ಮೇಲೆ ನನಗೆ ಕಾಡಿದ್ದು ನನ್ನದೇ ಮಾತು. ತಪ್ಪಿಲ್ಲ ಅಂತ ನನಗೆ ಹೇಗೆ ಗೊತ್ತು? ಆ ಕೋಳಿಗೆ ಏನಾಗಿತ್ತು ಅಂತಲೇ ನಾನು ಕೇಳಿರಲಿಲ್ಲ. ಫೋನ್ ಮಾಡಿ, ಕೋಳಿಗೆ ಏನಾಗಿತ್ತು ಅಂತ ವಿಚಾರಿಸಿದೆ. "ಕತ್ತಿನ ಕೆಳಗಿನ ಚೀಲ ಊದಿಕೊಂಡಿತ್ತು" ಅಂದರು. ಪರಿಚಯದ ಪಶುವೈದ್ಯರೊಬ್ಬರ ಹತ್ತಿರ ಒಂದು ಗಂಟೆ ಕೂತು ಆ ಚೀಲದ ವಿಷಯ ತಿಳಿದುಕೊಂಡೆ.

ಮುಂದಿನ ವಾರ ಬಂದಾಗ ಒಂದು ಟವೆಲ್ ಸುತ್ತಿ ಅವರ ಕೈಗೆ ಕೊಟ್ಟೆ. "ಇದೇ ಕೋಳಿ ಅಂದುಕೊಳ್ಳಿ. ಏನಾಯ್ತು, ಏನು ಮಾಡಿದಿರಿ, ತೋರಿಸಿ."

ಎಡಗೈ ಕಂಕುಳಲ್ಲಿ ಟವೆಲ್ಲನ್ನು ಅವರು ಹಿಡಿದ ರೀತಿ ನೋಡಿದರೆ ಸಾಕಿತ್ತು, ಎಷ್ಟು ವರ್ಷದ ಅಭ್ಯಾಸ ಅಂತ ತಿಳಿಯುತ್ತಿತ್ತು. ಬಲಗೈಯ ಮೂರು ಬೆರಳು ತಾವಾಗೇ ಒಂದು ಜಾಗಕ್ಕೆ ಹೋದವು. "ಇಲ್ಲಿ ಮೇಡಂ. ಎದೆ ಮೇಲೆ, ಬಲಗಡೆಗೆ. ಬೆಳಿಗ್ಗೆ ಗೂಡು ತೆಗೆದಾಗ್ಲೂ ಊದಿಕೊಂಡೇ ಇತ್ತು. ನೀರು ತುಂಬಿದ ಬಲೂನಿನ ಹಾಗೆ ಮೆತ್ತಗೆ. ಬಾಯಿ ಹತ್ರ ಮೂಗಿಟ್ಟರೆ ಹುಳಿ ವಾಸನೆ. ದೋಸೆ ಹಿಟ್ಟು ಮೂರು ದಿನ ಹಾಗೇ ಇಟ್ರೆ ಬರುತ್ತಲ್ಲ, ಅದು."

ಔಷಧದ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ಎರಡು ದಿನ ಹಾಕಿದ್ದರು. ಮೂರನೇ ದಿನ ಯಾರೋ ಹೇಳಿದರು: ಬಾಯಿಗೆ ಎಣ್ಣೆ ಹುಯ್ದು, ತಲೆಕೆಳಗೆ ಹಿಡಿದು ಚೀಲ ಹಿಂಡು, ಎಲ್ಲ ಆಚೆ ಬರುತ್ತೆ ಅಂತ. ಅವರು ಟವೆಲ್ಲನ್ನು ತಿರುಗಿಸಿದರು. ಕೈ ನಡುಗುತ್ತಿತ್ತು. "ನೀರು ಬಂತು. ಆಮೇಲೆ ಗೊರಗೊರ ಅಂತು. ರೆಕ್ಕೆ ಒಂದ್ಸಲ ಬಡಿದು ಸುಮ್ಮನಾಯ್ತು. ಮಗಳು ಹೊಸಲಲ್ಲಿ ನಿಂತಿದ್ಲು. ಅಮ್ಮ, ನೀನೇ ಸಾಯಿಸಿದೆ ಅಂದ್ಲು."

ಟವೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದರು. "ತಪ್ಪಿದ್ರೆ ತಪ್ಪು ಅಂತಲೇ ಹೇಳಿ ಮೇಡಂ. ಒಬ್ರು ನೀನೇ ಸಾಯಿಸಿದೆ ಅಂತಾರೆ. ಇನ್ನೊಬ್ರು ಏನೂ ಆಗಿಲ್ಲ ಬಿಡು ಅಂತಾರೆ. ಏನಾಯ್ತು ಅಂತ ಯಾರೂ ಹೇಳಲ್ಲ."

ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಇಷ್ಟು ಸರಿಯಾಗಿ ಯಾರೂ ನನಗೆ ನನ್ನ ಕೆಲಸ ಹೇಳಿಕೊಟ್ಟಿರಲಿಲ್ಲ.

ಏನಾಯ್ತು ಅಂತ ಹೇಳಿದೆ. ಕೋಳಿ ತಿಂದದ್ದು ಮೊದಲು ಆ ಚೀಲದಲ್ಲಿ ನೆನೆಯುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹೋಗಿ, ನಮ್ಮ ಕಡೆ ಕಂದನಕಾಯಿ ಅನ್ನುತ್ತಾರಲ್ಲ, ಆ ಗಟ್ಟಿ ಮಾಂಸದ ಹೊಟ್ಟೆ, ಅದರಲ್ಲಿ ಕಲ್ಲಿನ ಹರಳಿನ ಜೊತೆ ಅರೆದುಹೋಗುತ್ತದೆ. ಸಂಜೆ ಚೀಲ ತುಂಬಿರಬೇಕು, ಬೆಳಿಗ್ಗೆಗೆ ಖಾಲಿಯಾಗಿರಬೇಕು. ಮುಂದಕ್ಕೆ ಹೋಗದೆ ನಿಂತರೆ ಒಳಗಿದ್ದದ್ದು ಹುಳಿಯುತ್ತದೆ, ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಬೆಳೆಯುತ್ತದೆ. ಅವರ ಮೂಗಿಗೆ ಬಡಿದ ವಾಸನೆ ಅದೇ ಇರಬೇಕು. ಆಂಟಿಬಯಾಟಿಕ್ ಶಿಲೀಂಧ್ರಕ್ಕೆ ಕೆಲಸ ಮಾಡುವುದಿಲ್ಲ. ಎಷ್ಟೋ ಸಲ ಅದರಿಂದಲೇ ಜಾಸ್ತಿಯಾಗುತ್ತದೆ.

"ತಲೆಕೆಳಗೆ ಹಿಡಿದದ್ದು?"

ಇಲ್ಲಿ ನಾನು ಒಂದು ಕ್ಷಣ ತಡೆದೆ. ಆಮೇಲೆ ಹೇಳಿದೆ. ಕೋಳಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ಚೀಲದ ನೀರು ಮೇಲೆ ಉಕ್ಕಿದಾಗ ಅದರೊಳಗೆ ಹೋಗುತ್ತದೆ. ನಮ್ಮ ಹಾಗೆ ಜೋರಾಗಿ ಕೆಮ್ಮಿ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಆ ಗೊರಗೊರ ಅದೇ ಇರಬೇಕು. ಆ ಗಳಿಗೆಯಲ್ಲಿ ಜೀವ ಹೋದದ್ದು ಹಾಗೆ ಹಿಡಿದದ್ದರಿಂದ. ಆ ವಿಧಾನ ತಪ್ಪು. ನಿಮಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ. ಆದರೆ ಚೀಲ ನಿಂತದ್ದು ಅದಕ್ಕೆ ಮೂರು ದಿನ ಮೊದಲು. ಸುಮ್ಮನೆ ಬಿಟ್ಟಿದ್ದರೂ ಅದು ತಾನಾಗೇ ಸರಿಹೋಗುತ್ತಿತ್ತು ಅನ್ನಲು ಬರುವುದಿಲ್ಲ.

"ನಿಂತದ್ದು ಯಾಕೆ?"

ನೂಲು ಬಿಚ್ಚಿದ ಮೇಲೆ ಉಳಿಯುವ ಹುಳವನ್ನು, ಅಂದರೆ ಪ್ಯೂಪಾವನ್ನು, ಕೋಳಿಗೆ ಹಾಕುತ್ತಿದ್ದರು. ಅದು ಒಳ್ಳೆಯ ಮೇವೇ. ಆದರೆ ಒದ್ದೆಯಾಗಿಟ್ಟರೆ ಬೇಗ ಕೆಡುತ್ತದೆ. ಅದಕ್ಕೆ ಎಳೆ ಅಂಟಿಕೊಂಡಿದ್ದರೆ ಚೀಲದಲ್ಲಿ ಸಿಕ್ಕು ಕಟ್ಟಿಕೊಳ್ಳಬಹುದು. ಕೊಯ್ದು ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ವೈದ್ಯರು ಅಂದಿದ್ದರು. ಹಾಗೆಯೇ ಹೇಳಿದೆ.

"ಹುಳ ಹಾಕಿದ್ದೂ ನಾನೇ ಅಲ್ವಾ?"

"ಹೌದು."

ಅತ್ತರು. ಚೆನ್ನಾಗಿ ಅತ್ತರು. ನಾನು ಸುಮ್ಮನೆ ಕೂತಿದ್ದೆ. ಮುಖ ಒರೆಸಿಕೊಂಡು ಕೇಳಿದ ಮೊದಲ ಮಾತು: "ಹಂಗಾದ್ರೆ ಉಳಿದ ಐದಕ್ಕೆ ಏನು ಮಾಡ್ಬೇಕು?" ನಾಲ್ಕು ವಾರದ ಮೇಲೆ ಆ ಐದು ಕೋಳಿಗಳು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ನಾನು ಕೊಟ್ಟ ಸಲಹೆ ಸಣ್ಣದು. ದಿನಾ ಬೆಳಿಗ್ಗೆ ಗೂಡು ತೆಗೆಯುವಾಗ, ಕಾಳು ಹಾಕುವ ಮೊದಲು, ಮಗಳನ್ನು ಜೊತೆಗೆ ಕೂರಿಸಿಕೊಂಡು ಒಂದೊಂದರ ಚೀಲ ಮುಟ್ಟಿ ನೋಡಿ. ಖಾಲಿ ಇದ್ದರೆ ಬಿಡಿ. ಕಲಸಿದ ಹಿಟ್ಟಿನ ಮುದ್ದೆಯ ಹಾಗೆ ಗಟ್ಟಿ ಇದ್ದರೆ ಅದನ್ನು ಬೇರೆ ಮಾಡಿ ಮಂಕರಿ ಮುಚ್ಚಿ. ಕಾಳು, ಹುಲ್ಲು ಬೇಡ, ಶುದ್ಧ ನೀರು ಮಾತ್ರ. ಕೊಕ್ಕಿನ ಪಕ್ಕದಿಂದ ಕೆಲವೇ ಹನಿ ಎಣ್ಣೆ ಬಿಟ್ಟು ದಿನಕ್ಕೆ ಮೂರ್ನಾಲ್ಕು ಸಲ ಮೆಲ್ಲಗೆ ತಿಕ್ಕಿ. ಮಾರನೆಯ ಬೆಳಿಗ್ಗೆಗೂ ಕರಗದಿದ್ದರೆ ಪಶು ಆಸ್ಪತ್ರೆಗೆ. ಕೆಲವೊಮ್ಮೆ ಚೀಲ ಕೊಯ್ದು ತೆಗೆಯಬೇಕಾಗುತ್ತದೆ, ಅದು ವೈದ್ಯರ ಕೆಲಸ. ಮೆತ್ತಗೆ ನೀರಾಗಿ ಹುಳಿ ವಾಸನೆ ಇದ್ದರೆ ಎಣ್ಣೆಯೂ ಬೇಡ, ಹಿಂಡುವುದೂ ಬೇಡ. ನೇರ ಆಸ್ಪತ್ರೆಗೆ. ಶಿಲೀಂಧ್ರಕ್ಕೆ ಬೇರೆ ಔಷಧ ಇದೆ. ಯಾವ ಕಾರಣಕ್ಕೂ ತಲೆಕೆಳಗೆ ಮಾಡಬೇಡಿ. ಹೋಗಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಕೇಳಿ. ಹುಳವನ್ನು ಎಳೆ ಬಿಡಿಸಿ, ಒಣಗಿಸಿ ಹಾಕಿ. ಹುಲ್ಲು ಹಾಕುವುದಾದರೆ ಸಣ್ಣಗೆ ಕತ್ತರಿಸಿ. ಕೂಡಿ ಹಾಕಿದ ಕೋಳಿಗೆ ಹರಳು ಮರಳು ಸಿಗುವ ಹಾಗೆ ನೋಡಿಕೊಳ್ಳಿ. ಚೀಲ ಪದೇ ಪದೇ ನಿಲ್ಲುತ್ತಿದ್ದರೆ ಹೊಟ್ಟೆಹುಳ ಇರಬಹುದು, ನರದ ರೋಗವೂ ಇರಬಹುದು. ಅದನ್ನು ವೈದ್ಯರೇ ನೋಡಬೇಕು.

ಎರಡು ವಾರದಲ್ಲಿ ನಿದ್ದೆ ಮರಳದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು ಅಂತಲೂ ಹೇಳಿ ಕಳಿಸಿದೆ.

ಈ ಸಲಹೆಗೆ ಸಹೋದ್ಯೋಗಿಗಳಿಂದ ಟೀಕೆ ಬಂತು. ಆಪ್ತಸಲಹೆಗಾರರು ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳಬಾರದು, ಅದರಲ್ಲೂ ಕೋಳಿ ಸಾಕಣೆಯ ಪಾಠ ಮಾಡುವುದು ನಿನ್ನ ಕೆಲಸವೇ ಅಂದರು. ಒಬ್ಬರು, ಕೋಳಿ ಅನ್ನುವುದು ಬೇರೊಂದು ನಷ್ಟದ ಗುರುತು, ನೀನು ಅದನ್ನು ಹುಡುಕದೆ ಬಿಟ್ಟೆ ಅಂದರು. ನಾನು ಒಪ್ಪುವುದಿಲ್ಲ. ಮೊದಲ ದಿನ ಹುಡುಕಿದ್ದೆ, ಅದರಿಂದ ಅವರ ಬಾಯಿ ಮುಚ್ಚಿತು ಅಷ್ಟೆ. ಆ ಕೋಳಿ ಕೋಳಿಯೇ. ಅವರು ಮರಿಯಿಂದ ಸಾಕಿದ್ದು, ಅದರ ಮೊಟ್ಟೆಯ ದುಡ್ಡಿನಲ್ಲಿ ಮಗಳಿಗೆ ಚಪ್ಪಲಿ ತಂದದ್ದು. ಅದಕ್ಕಾಗಿ ಅಳಲು ಬೇರೆ ಕಾರಣ ಯಾಕೆ ಬೇಕು?

ಅಪರಾಧಿ ಭಾವಕ್ಕೆ ಬರೀ ಸಮಾಧಾನ ಸಾಲುವುದಿಲ್ಲ ಅಂತ ನನ್ನ ನಂಬಿಕೆ. ಯಾವುದು ತನ್ನ ಕೈಯಿಂದ ಆದದ್ದು, ಯಾವುದು ಅಲ್ಲ ಅಂತ ಬಿಡಿಸಿ ತೋರಿಸುವ ತನಕ ಎಲ್ಲವೂ ತನ್ನದೇ ಅನ್ನಿಸುತ್ತದೆ. ಬಿಡಿಸಬೇಕಾದರೆ ಆ ವಿಷಯ ನಮಗೆ ತಿಳಿದಿರಬೇಕು, ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು. "ನಿಮ್ಮ ತಪ್ಪಿಲ್ಲ" ಅನ್ನುವುದು ಕೇಳಲು ಚೆನ್ನ. ಆದರೆ ಕೇಳಿದವರು ಅದನ್ನು ನಂಬುವುದಿಲ್ಲ. ಕೊನೆಗೆ ಹೇಳಿದ ನಮ್ಮನ್ನೂ ನಂಬುವುದಿಲ್ಲ.

ಮೂರನೇ ಸಲ ಮಗಳ ಜೊತೆ ಬಂದರು. ಒಂದು ವಾರದಿಂದ ನಿದ್ದೆ ಬರುತ್ತಿದೆ ಅಂದರು. ಕೊಂದೆ ಅನ್ನಲಿಲ್ಲ. "ಹಂಗೆ ಹಿಡ್ದಿದ್ದು ತಪ್ಪಾಯ್ತು" ಅಂದರು. ಮಗು ನನ್ನ ಕೈ ಹಿಡಿದು ಮುಷ್ಟಿ ಮಾಡಿಸಿ, ಇದು ಗಟ್ಟಿ, ಇದು ಮೆತ್ತಗೆ, ಇದು ಖಾಲಿ ಅಂತ ಒಂದೊಂದಾಗಿ ತೋರಿಸಿತು.

ಮೊನ್ನೆ ಬೆಳಿಗ್ಗೆ ಫೋನ್ ಬಂತು. ನಿನ್ನೆಯಿಂದ ಕರಿ ಹೇಂಟೆಯ ಚೀಲ ಗಟ್ಟಿ ಇದೆಯಂತೆ, ಇವತ್ತೂ ಇಳಿದಿಲ್ಲವಂತೆ. "ಆಸ್ಪತ್ರೆಗೆ ಹೊರಟಿದ್ದೀನಿ ಮೇಡಂ. ಬಸ್ಸಲ್ಲಿ ಕೋಳಿ ಬಿಡ್ತಾರಾ?" ಹಿಂದೆ ಮಗು ಜೋರಾಗಿ ಹೇಳುತ್ತಿತ್ತು, ಮಿಕ್ಕ ನಾಲ್ಕೂ ಖಾಲಿ ಅಂತ. ಮಂಕರಿಗೆ ಬಟ್ಟೆ ಕಟ್ಟಿ, ಗಾಳಿ ಆಡಲು ಜಾಗ ಬಿಟ್ಟು ಕಂಡಕ್ಟರನ್ನು ಕೇಳಿ ನೋಡಿ ಅಂದೆ.