ಬಿಳಿ ಮೊಸಾಯಿಕ್ ನೆಲಕ್ಕೆ ಯಾವ ಬ್ರ್ಯಾಂಡ್ ವೈಟ್ ಸಿಮೆಂಟ್ ಒಳ್ಳೇದು?

ಬ್ರ್ಯಾಂಡ್ ಯಾವುದಾದ್ರೂ ತಗೊಳ್ಳಿ, ಅದಲ್ಲ ಪ್ರಶ್ನೆ. ಕೊನೇಲಿ "ಮಾರ್ಬಲ್ ಪೌಡರ್ ಬದಲು ಜರಡಿ ಹಿಡಿದ ಮರಳು ಹಾಕೋಣ ಅಂತಿದಾರೆ ಮೇಸ್ತ್ರಿ" ಅಂತ ಸುಮ್ನೆ ಒಂದು ಸಾಲು ಬರೆದಿದೀರಲ್ಲ, ಅದನ್ನ ಓದಿ ನನಗೆ 2011ರ ನಮ್ಮನೆ ಹಾಲ್ ಕಣ್ಮುಂದೆ ಬಂತು.

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮಂಗೆ ತವರುಮನೇಲಿದ್ದಂಥ ಬಿಳಿ ಮೊಸಾಯಿಕ್ಕೇ ಆಗಬೇಕು ಅಂತ ಆಸೆ. ಸಿಮೆಂಟ್ ದುಬಾರಿಯದ್ದೇ ತಂದೆ, ಅದರ ಜೊತೆ ಕಲಸೋ ಮಾರ್ಬಲ್ ಚೂರು, ಅದೇ ಚಿಪ್ಸೂ ಆರಿಸಿ ತಂದೆ. ಅರ್ಧ ಹಾಲ್ ಮುಗಿಯೋ ಹೊತ್ತಿಗೆ ಪೌಡರ್ ಖಾಲಿ. ಶಿವಮೊಗ್ಗದಿಂದ ತರಿಸೋಕೆ ಎರಡು ದಿನ ಬೇಕು, ಆಳುಗಳು ಬೇರೆ ಕಡೆ ಕೆಲಸ ಒಪ್ಕೊಂಡಿದ್ರು. ಹೊಳೆ ಮರಳು ಅಂಗಳದಲ್ಲೇ ಬಿದ್ದಿತ್ತು, ಸರಿ ಹಾಕಿ ಅಂದೆ. ಹಾಗಂತ ಹಾಗೇ ಹಾಕಿಸ್ಲಿಲ್ಲ, ಸೊಳ್ಳೆಪರದೆ ಬಟ್ಟೇಲಿ ಜರಡಿ ಹಿಡಿದು ನಾಲ್ಕು ಸಲ ತೊಳೆಸಿದೆ, ಕೊನೇ ಬಕೆಟ್ ನೀರು ತಿಳಿಯಾಗೇ ಇತ್ತು. ಆದ್ರೆ ಮರಳಿನ ಕೆಂಪು ಕೊಳೆಯಲ್ಲ ಕಣ್ರೀ, ಅದು ಕಬ್ಬಿಣದ ಆಕ್ಸೈಡು, ಕಾಳಿಗೇ ಅಂಟಿರತ್ತೆ, ಎಷ್ಟು ತೊಳೆದ್ರೂ ಹೋಗಲ್ಲ. ನಮ್ಮ ಕಡೆ ಮಣ್ಣು ಕೆಂಪಗಿರೋದೂ ಅದರಿಂದಲೇ. ಹಸಿ ಇದ್ದಾಗ ಬಣ್ಣ ಮಂಕು ಅನ್ನಿಸ್ತು, "ಒಣಗಿದ್ಮೇಲೆ ಬೆಳ್ಳಗಾಗತ್ತೆ ಅಣ್ಣ" ಅಂದ್ರು ಮೇಸ್ತ್ರಿ, ನಂಬಿದೆ. ಒಂದು ವಾರ ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿ ಪಾಲಿಶ್ ಮಷೀನ್ ಹಾಕಿದ ದಿನ ಗೊತ್ತಾಯ್ತು. ಪಾಲಿಶ್ ಕಲ್ಲು ಮೇಲಿನ ಸಿಮೆಂಟ್ ಪೊರೆ ಸವೆಸಿ ಒಂದೊಂದು ಮರಳಿನ ಕಾಳನ್ನೂ ಕೊಯ್ದು ತೋರಿಸಿಬಿಡತ್ತೆ. ಹಾಲ್‌ನ ಅರ್ಧ ಬಿಳಿ, ಇನ್ನರ್ಧ ಹಾಲು ಜಾಸ್ತಿ ಹಾಕಿದ ಟೀ ಬಣ್ಣ, ಮಧ್ಯೆ ನೂಲು ಹಿಡಿದ ಹಾಗೆ ಒಂದು ಗೆರೆ. ಅಮ್ಮ ಏನೂ ಅನ್ಲಿಲ್ಲ, ಆ ಗೆರೆ ಮೇಲೆ ಹೆಬ್ಬೆರಳು ಎಳೆದು ನೋಡಿ ಒಳಗೆ ಹೋದ್ರು.

ಆಮೇಲೆ ಓದ್ಕೊಂಡೆ. ವೈಟ್ ಸಿಮೆಂಟ್ ಅಂದ್ರೆ ಬಿಳಿ ಬಣ್ಣ ಬೆರೆಸಿದ ಸಿಮೆಂಟ್ ಅಲ್ಲ, ಕಬ್ಬಿಣ ದೂರ ಇಟ್ಟು ಮಾಡಿದ ಸಿಮೆಂಟ್. ಮಾಮೂಲಿ ಸಿಮೆಂಟಲ್ಲಿ ಕಬ್ಬಿಣದ ಆಕ್ಸೈಡು ಸುಮಾರು 3-4% ಇರತ್ತೆ, ಬೂದು ಬಣ್ಣ ಬರೋದೇ ಅದರಿಂದ. ವೈಟ್ ಸಿಮೆಂಟಲ್ಲಿ ಸಾಮಾನ್ಯವಾಗಿ 0.5%ಗಿಂತ ಕಡಿಮೆ. ಅದಕ್ಕೇ ಕಬ್ಬಿಣ ಕಡಿಮೆ ಇರೋ ಸುಣ್ಣದಕಲ್ಲು ಬೇಕು, ರಾಜಸ್ಥಾನದ ಗೋಟನ್, ಖಾರಿಯಾ ಖಂಗಾರ್ ಕಡೆ ಫ್ಯಾಕ್ಟರಿಗಳಿರೋದು ಅದಕ್ಕೇ. ಕೇರಳದ ಕೊಟ್ಟಾಯಂ ಹತ್ರ ವೆಂಬನಾಡ್ ಹಿನ್ನೀರಿನ ಚಿಪ್ಪಿನಿಂದಲೂ ಮಾಡಿದಾರೆ. ಜೇಡಿಮಣ್ಣಿನ ಬದಲು ಚೈನಾ ಕ್ಲೇ ಅನ್ನೋ ಬಿಳಿ ಮಣ್ಣು. ಕಬ್ಬಿಣ ಇದ್ರೆ ಗೂಡಲ್ಲಿ ಬೇಗ ಕರಗಿ ಬೇಯತ್ತೆ, ಇಲ್ಲದಿದ್ರೆ 1450 ಡಿಗ್ರಿ ಸಾಲಲ್ಲ, 1500ರ ಮೇಲೆ ಸುಡಬೇಕು, ದುಬಾರಿ ಆಗೋಕೆ ಅದೂ ಒಂದು ಕಾರಣ. ಬೆಂದು ಕೆಂಪಗೆ ಕಾದ ಉಂಡೆಗಳ (ಕ್ಲಿಂಕರ್ ಅಂತಾರೆ, ಅದನ್ನ ಅರೆದ್ರೇ ಸಿಮೆಂಟ್) ಮೇಲೆ ನೀರು ಹೊಡೆದು ತಕ್ಷಣ ತಣಿಸ್ತಾರೆ, ಬಿಳುಪು ಉಳಿಯಲಿ ಅಂತ. ಅರೆಯೋ ಗಿರಣಿಯಲ್ಲೂ ಉಕ್ಕಿನ ಗುಂಡಿನ ಪುಡಿ ಸೇರಬಾರದು ಅಂತ ಸೆರಾಮಿಕ್ ಗುಂಡು ಹಾಕ್ತಾರೆ. ಅಷ್ಟು ಜೋಪಾನ ಮಾಡಿ ಕಳಿಸಿದ್ದಕ್ಕೆ ನಾನು ಬಕೆಟ್‌ಗಟ್ಟಲೆ ಕಬ್ಬಿಣದ ಬಣ್ಣದ ಮರಳು ಸುರಿದೆ.

ಹಾಗಾಗಿ ಮರಳು ಬೇಡವೇ ಬೇಡ. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಮಾರ್ಬಲ್ ಪೌಡರ್, ತೂಕದ ಲೆಕ್ಕ, ಪೂರ್ತಿ ನೆಲಕ್ಕಾಗೋಷ್ಟು ಒಂದೇ ಸಲ ತಂದಿಟ್ಟು ಆಮೇಲೆ ಕೆಲಸ ಶುರು ಮಾಡಿಸಿ. ಖರ್ಚು ಉಳಿಸಬೇಕು ಅಂದ್ರೆ ಕೆಳಗಿನ ಪದರದಲ್ಲಿ ಉಳಿಸಿ, ಅಲ್ಲಿ ಮಾಮೂಲಿ ಸಿಮೆಂಟು, ಯಾವ ಬಣ್ಣದ ಮರಳಾದ್ರೂ ಸೈ, ವೈಟ್ ಬೇಕಿರೋದು ಮೇಲಿನ ಕಾಲಿಂಚು ಅರ್ಧ ಇಂಚಿಗೆ ಮಾತ್ರ. ಗ್ರೇ ಸಿಮೆಂಟ್ ಮೆತ್ತಿರೋ ತುಕ್ಕು ಬಾಂಡ್ಲಿಯಲ್ಲಿ ಕಲಸೋಕೆ ಬಿಡಬೇಡಿ, ಹೊಸ ಪ್ಲಾಸ್ಟಿಕ್ ಟಬ್ ಕೊಡಿ. "ವೈಟ್ ಸಿಮೆಂಟ್ ಗಟ್ಟಿ ಇರಲ್ವಂತೆ" ಅಂತ ಯಾರೋ ಅಂದ್ರು ಅಂದಿದೀರಿ, ಅದು ಸುಳ್ಳು, ಅದೂ ಮಾಮೂಲಿ ಸಿಮೆಂಟಿನ ಹಾಗೆ ಪೋರ್ಟ್‌ಲ್ಯಾಂಡ್ ಅನ್ನೋ ಜಾತಿಯ ಸಿಮೆಂಟೇ. ಮೇಸ್ತ್ರಿ ಇನ್ನೂ ಮರಳು ಅಂತ ಹಟ ಹಿಡಿದ್ರೆ ಒಂದಡಿ ಚೌಕ ಅವರ ಮಿಶ್ರಣದಲ್ಲಿ, ಒಂದಡಿ ಪೌಡರಲ್ಲಿ ಹಾಕಿಸಿ, ವಾರ ಬಿಟ್ಟು ಎರಡಕ್ಕೂ ಪಾಲಿಶ್ ಹೊಡೆಸಿ, ಮನೆಯವರನ್ನೆಲ್ಲ ಕರೆದು ಪಕ್ಕಪಕ್ಕ ತೋರಿಸಿ.