ಶಿಸ್ತಾದ ಮುಂದಿನ ನಿಲ್ದಾಣ

ತಮ್ಮ ಪತ್ರ ತಲುಪಿತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ತಿಂಗಳಿಗೆ 48,000 ಕ್ರೋನರ್ ಸಾಕೇ, ಮನೆ ಸಿಗುವುದೇ, ಮನೆಯವರಿಗೂ ಕೆಲಸ ದೊರೆಯುವುದೇ, ಯುರೋಪೇ ಕುಂಟುತ್ತಿರುವಾಗ ಮತ್ತು ವಲಸಿಗರ ಬಗ್ಗೆ ಅಸಹನೆ ಬೆಳೆಯುತ್ತಿರುವಾಗ ದಾವಣಗೆರೆಯನ್ನು ಬಿಟ್ಟು ಬರುವುದು ಜಾಣತನವೇ ಎಂದು ಕೇಳಿದ್ದೀರಿ.

ಸಂಬಳ ಸಾಕು. ತೆರಿಗೆ ಕಳೆದ ಮೇಲೆ ಸುಮಾರು 36,000 ಕೈಗೆ ಬರುತ್ತದೆ. ಅದರಲ್ಲಿ ಊರಿಗೆಷ್ಟು ಕಳುಹಿಸಬೇಕೆಂಬುದು ತಮ್ಮ ಮನೆಯ ಲೆಕ್ಕ, ನಾನು ಹೇಳಬೇಕಾಗಿಲ್ಲ. ಬಾಡಿಗೆ ಮನೆಗಳ ಸರದಿಯಲ್ಲಿ ಆದಷ್ಟು ಬೇಗ ಹೆಸರು ಬರೆಸಿ, ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಸರ್ಕಾರವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ: ಸಂಬಳಕ್ಕೆ ತಕ್ಕ ನಿರುದ್ಯೋಗ ಭತ್ಯೆ ಬೇಕೆಂದರೆ 'ಅ-ಕಸ್ಸಾ' ಎಂಬ ನಿಧಿಗೆ ನಾವಾಗಿಯೇ ಸೇರಿ ತಿಂಗಳ ಚಂದಾ ಕಟ್ಟುತ್ತಿರಬೇಕು. ನಾನು ಸೇರಿದ್ದೆ, ಬದುಕಿಕೊಂಡೆ.

ಉಳಿದೆರಡು ಪ್ರಶ್ನೆಗಳಿಗೆ ಉತ್ತರ ಒಂದೇ, ಅದನ್ನು ಹೇಳುವಾಗ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

2011ರ ಜನವರಿಯಲ್ಲಿ, ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಕಾಲದಲ್ಲಿ, ನಾನು ಇಲ್ಲಿನ ಅರ್ಲಾಂಡಾ ವಿಮಾನ ನಿಲ್ದಾಣದಲ್ಲಿ ಇಳಿದೆ. ಕಚೇರಿ ಇದ್ದದ್ದು Kista ಎಂದು ಬರೆಯುವ ಬಡಾವಣೆಯಲ್ಲಿ. ಆ ಹೆಸರನ್ನು ಇಂಗ್ಲಿಷಿನಂತೆ ಓದಿಕೊಂಡು ನಾನು 'ಕಿಸ್ತಾ' ಎನ್ನುತ್ತಿದ್ದೆ. ಇಲ್ಲಿಯವರು ಅದನ್ನು 'ಶಿಸ್ತಾ' ಎನ್ನುತ್ತಾರೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಗಾಜಿನ ಕಟ್ಟಡಗಳ ಶಿಸ್ತಾದಿಂದ ನೀಲಿ ಮಾರ್ಗದ ರೈಲಿನಲ್ಲಿ ಮುಂದಿನ ನಿಲ್ದಾಣವೇ ಹುಸ್ಬಿ, 2013ರ ಮೇ ತಿಂಗಳ ಗಲಭೆಯಲ್ಲಿ ರಾತ್ರಿಗಳುದ್ದಕ್ಕೂ ಕಾರುಗಳು ಉರಿದ ಹುಸ್ಬಿ. ಅಲ್ಲಿನವರು ಬಹುಪಾಲು ವಲಸಿಗರು. ಬೆರೆಯಬೇಕಾದವರು ಅವರು, ತೆರಿಗೆ ಕಟ್ಟುವ ನಾವಲ್ಲ ಎಂದು ಊಟದ ಮೇಜಿನಲ್ಲಿ ನಾವು ಗಂಭೀರವಾಗಿ ಮಾತನಾಡಿಕೊಳ್ಳುತ್ತಿದ್ದೆವು, ಇಂಗ್ಲಿಷಿನಲ್ಲಿ.

ಇಲ್ಲಿನ ವ್ಯವಸ್ಥೆ ಹೆಚ್ಚಿನವರು ದುಡಿಯುತ್ತಾರೆಂಬ ನಂಬಿಕೆಯ ಮೇಲೆ ನಿಂತಿದೆ. ಕಾನೂನಿನ ಕನಿಷ್ಠ ಕೂಲಿ ಇಲ್ಲ. ಕಾರ್ಮಿಕ ಸಂಘಗಳು ಮಾಲೀಕರೊಡನೆ ಮಾಡಿಕೊಂಡ ಒಪ್ಪಂದಗಳೇ ವೇತನವನ್ನು ಎತ್ತರದಲ್ಲಿಟ್ಟಿವೆ. ಅದು ಒಳ್ಳೆಯದೇ, ಆದರೆ ಕಡಿಮೆ ಕೂಲಿಗೆ ಆರಂಭಿಸಿ ಮೇಲೇರುವ ಮೆಟ್ಟಿಲು ಅದರಿಂದ ಕಿರಿದಾಗಿದೆ, ಗೋದಾಮಿನ ಕೆಲಸಕ್ಕೂ ಭಾಷೆ ಕೇಳುತ್ತಾರೆ. 2015ರೊಂದರಲ್ಲೇ ಸುಮಾರು 1,63,000 ಮಂದಿ ಆಶ್ರಯ ಕೋರಿದರು. ಹೊರಗೆ ಹುಟ್ಟಿದವರ ನಿರುದ್ಯೋಗ ಇಲ್ಲಿಯೇ ಹುಟ್ಟಿದವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. 2022ರ ಏಪ್ರಿಲ್‌ವರೆಗೆ ಸೊನ್ನೆಯಾಗಿದ್ದ ಕೇಂದ್ರ ಬ್ಯಾಂಕಿನ ಬಡ್ಡಿ ದರ ಮರುವರ್ಷದ ಸೆಪ್ಟೆಂಬರ್ ಹೊತ್ತಿಗೆ ಶೇಕಡಾ 4ಕ್ಕೇರಿತು, ಆರ್ಥಿಕತೆ ತುಸು ಕುಗ್ಗಿತು, ಕೆಲಸದ ಪರವಾನಗಿಗೆ ಬೇಕಾದ ಕನಿಷ್ಠ ಸಂಬಳವನ್ನು 13,000ದಿಂದ 27,360 ಕ್ರೋನರ್‌ಗೆ ಏರಿಸಿದರು. ಅದೇ 2023ರಲ್ಲಿ ನನ್ನ ಕೆಲಸವೂ ಹೋಯಿತು.

ಸಂದರ್ಶನವೊಂದರಲ್ಲಿ ಬಹಳ ಸೌಜನ್ಯದ ಹೆಂಗಸೊಬ್ಬರು, 'ಹನ್ನೆರಡು ವರ್ಷ ಇಲ್ಲಿದ್ದೀರಲ್ಲವೇ, ಸ್ವೀಡಿಷ್‌ನಲ್ಲೇ ಮಾತನಾಡೋಣವೇ?' ಎಂದರು. ಎರಡು ವಾಕ್ಯಗಳ ನಂತರ ನನ್ನ ಬಾಯಿ ಕಟ್ಟಿತು. ಬೆಂಗಳೂರಿನಲ್ಲಿ ಹತ್ತು ವರ್ಷ ಕಳೆದೂ 'ಕನ್ನಡ್ ಗೊತ್ತಿಲ್ಲ' ಎನ್ನುವವರ ಮೇಲೆ ನಾನು ಹರಿಹಾಯ್ದದ್ದೆಲ್ಲ ಆ ಕುರ್ಚಿಯಲ್ಲಿ ನೆನಪಾಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಅಜ್ಜಿ ಹೇಳುತ್ತಿದ್ದರು. ನಾನು ಬಾವಿಯ ಕಡೆ ಹೋಗದೆ ಹನ್ನೆರಡು ವರ್ಷ ಬಾಟಲಿ ನೀರು ಕುಡಿದಿದ್ದೆ.

ಇನ್ನೂ ಕುಟುಕುವ ಸಂಗತಿಯೊಂದಿದೆ. ಮನೆಯಲ್ಲಿ ನಿತ್ಯ ಕನ್ನಡವಾಡುವ ಐದು ಮಕ್ಕಳು ಒಂದು ನಗರಸಭೆಯಲ್ಲಿ ಸೇರಿ, ತಕ್ಕ ಶಿಕ್ಷಕರೂ ಸಿಕ್ಕರೆ, ಸರ್ಕಾರಿ ಖರ್ಚಿನಲ್ಲಿ ಅವರಿಗೆ ಕನ್ನಡ ಕಲಿಸುವ ನಿಯಮ ಇಲ್ಲಿದೆ. ಮಗಳಿಗಾಗಿ ಅರ್ಜಿ ಹಿಡಿದು ನಾನು ಮನೆಮನೆ ಅಲೆದೆ. ನನ್ನ ಭಾಷೆಗಾಗಿ ಅಷ್ಟು ಓಡಾಡಿದವನು, ಹೊಸಬರಿಗೆಂದೇ ಉಚಿತವಾಗಿ ನಡೆಸುವ ಎಸ್‌ಎಫ್‌ಐ ಸ್ವೀಡಿಷ್ ತರಗತಿಯನ್ನು ಮೂರನೆಯ ವಾರಕ್ಕೇ ಬಿಟ್ಟಿದ್ದೆ.

ಕೆಲಸ ಹೋದ ಮೇಲೆ ಮತ್ತೆ ಸೇರಿದಾಗ ಪಕ್ಕದಲ್ಲಿದ್ದವರು ಹುಸ್ಬಿಯ ಸೊಮಾಲಿ ತಾಯಿಯೊಬ್ಬರು. ವ್ಯಾಕರಣದಲ್ಲಿ ತಡವರಿಸಿದರೂ ವೈದ್ಯರೊಡನೆ, ಶಾಲೆಯವರೊಡನೆ ಜಗಳವಾಡುವಷ್ಟು ಭಾಷೆ ಅವರಿಗಿತ್ತು. ನನ್ನ ತಪ್ಪುಗಳನ್ನು ಅವರೇ ತಿದ್ದುತ್ತಿದ್ದರು. ಎಂಟು ತಿಂಗಳಿಗೆ ನನಗೆ ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ಚಿಕ್ಕದು.

ಆದ್ದರಿಂದ ಬನ್ನಿ, ಆದರೆ ಸಾಧ್ಯವಾದರೆ ಆಗಸ್ಟಿನಲ್ಲಿ ಬನ್ನಿ, ಬೆಳಕಿರುತ್ತದೆ. ಗುರುತಿನ ಸಂಖ್ಯೆ ಕೈಸೇರಿದ ವಾರವೇ ಇಬ್ಬರೂ ಎಸ್‌ಎಫ್‌ಐಗೆ ಹೆಸರು ಕೊಡಿ. ಮನೆಯವರ ಕೆಲಸದ ಪ್ರಶ್ನೆಗೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಬರುವಾಗ ಸಾರಿನ ಪುಡಿ ಹೊತ್ತು ತರುವ ಅಗತ್ಯವಿಲ್ಲ, ಇಲ್ಲಿ ಸಿಗುತ್ತದೆ. ಬೆಣ್ಣೆ ದೋಸೆ ಮಾತ್ರ ಸಿಗುವುದಿಲ್ಲ. ಹೊರಡುವ ಮುನ್ನ ನನ್ನ ಪಾಲಿನದ್ದನ್ನೂ ತಿಂದು ಬನ್ನಿ.