ಸಿಂಧನೂರಿನಲ್ಲಿ ಕೂತು ತಮ್ಮನ ಹಡಗು ಹುಡುಕುವವರಿಗೆ

ಕೊಲಂಬೊ ದಾಟಿದ ಮೇಲೆ ತಮ್ಮ ಕೆಲಸ ಮಾಡುವ ಹಡಗು, ಹಡಗು ಎಲ್ಲಿದೆ ಅಂತ ತೋರಿಸುವ ಆ್ಯಪ್‌ನಲ್ಲಿ ಕಾಣ್ತಿಲ್ಲ ಅಂದ್ರಲ್ಲ, ಬಹುಶಃ ಅದು ದಡದಿಂದ ದೂರ ಹೋಗಿದೆ, ಅಷ್ಟೇ. ಹಡಗು ತಾನಿರುವ ಜಾಗ ತಿಳಿಸಲು ರೇಡಿಯೊದಲ್ಲಿ ಕಳಿಸುವ ಎಐಎಸ್ ಸಿಗ್ನಲ್ ದಡಕ್ಕೆ ಸಿಗುವುದು ಸುಮಾರು 40 ನಾಟಿಕಲ್ ಮೈಲಿವರೆಗೆ (ಸುಮಾರು 74 ಕಿ.ಮೀ.). ನಡುಸಮುದ್ರದಲ್ಲಿ ಉಪಗ್ರಹವೇ ಹಿಡಿಯಬೇಕು, ಅದಕ್ಕೆ ಆ್ಯಪ್‌ನವರು ದುಡ್ಡು ಕೇಳುತ್ತಾರೆ. ನಮ್ಮ ಬಳ್ಳಾರಿ ಮನೆಯಲ್ಲೂ ಅಣ್ಣನ ಹಡಗು ಹೀಗೇ ವಾರಗಟ್ಟಲೆ ಕಾಣಲ್ಲ.

ಮೊದಲು ಹಡಗಿನ ಹೆಸರು ಬಿಟ್ಟು, ಪ್ರತಿ ಹಡಗಿಗೂ ಬೇರೆಯಾಗಿರುವ 7 ಅಂಕಿಯ ಐಎಂಒ ನಂಬರ್ ಹಾಕಿ ಹುಡುಕಿ. ಒಂದೇ ಹೆಸರಿನ ಹಡಗು ಬೇಕಾದಷ್ಟಿವೆ. ಆಮೇಲೆ ಕೊನೆಯ ಸಿಗ್ನಲ್ ಬಂದ ಹೊತ್ತು ನೋಡಿ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಅಂತಿದ್ದರೆ ನಮ್ಮ ಸಮಯ ತಿಳಿಯಲು ಐದೂವರೆ ಗಂಟೆ ಕೂಡಿಸಿ. ಮುಂದಿನ ಬಂದರು, ತಲುಪುವ ದಿನ ಬರೆದಿಟ್ಟುಕೊಳ್ಳಿ.

ಕೆಂಪು ಸಮುದ್ರದ ದಾರಿಯಾದರೆ ದಾಳಿಯ ಭಯಕ್ಕೆ ಕ್ಯಾಪ್ಟನ್ನೇ ಎಐಎಸ್ ಆಫ್ ಮಾಡಿರಬಹುದು. ಹಡಗು ದೂರ ಹೋಗಿದೆಯೋ, ಎಐಎಸ್ ಆಫ್ ಆಗಿದೆಯೋ ಅಂತ ಇಲ್ಲಿಂದ ಹೇಳಕ್ಕಾಗಲ್ಲ. ತಲುಪುವ ದಿನ ದಾಟಿದರೂ ಸುದ್ದಿಯಿಲ್ಲ ಅಂದರೆ ತಮ್ಮನನ್ನು ಕಳಿಸಿದ ಕಂಪನಿಗೆ ಫೋನ್ ಮಾಡಿ ಐಎಂಒ ನಂಬರ್ ಹೇಳಿ.